‘ಪುಟ್ ಅಪ್’ ಅಂದ್ರೆ ಏನು ಅಂಕಲ್?

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿತ್ತು, ಪಕ್ಕದ ಮನೆ ಹುಡುಗಿ ಒಂದು ಗೈಡು ಹಿಡಿದುಕೊಂಡು ಬಂದು ನಿಂತಳು. ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಇಂಗ್ಲಿಷ್ ಅಂದರೆ ಮಾತ್ರ ಮುಖ ಸಣ್ಣಗಾಗುತ್ತದೆ.

"ಅಂಕಲ್, ಈ ಪುಟ್ ಅಪ್ ಅನ್ನೋದಕ್ಕೆ ಒಂಬತ್ತು ಅರ್ಥ ಕೊಟ್ಟಿದಾರೆ. ಒಂದಕ್ಕೊಂದು ಸಂಬಂಧಾನೇ ಇಲ್ಲ. ಎಲ್ಲಾ ಬಾಯಿಪಾಠ ಮಾಡ್ಬೇಕಾ?"

ಇಸಕೊಂಡು ನೋಡಿದೆ. ನಿರ್ಮಿಸು, ಪ್ರದರ್ಶಿಸು, ವಸತಿ ಕಲ್ಪಿಸು, ದರ ಏರಿಸು, ಅಭ್ಯರ್ಥಿಯನ್ನು ನಿಲ್ಲಿಸು, ಸಂರಕ್ಷಿಸಿಡು, ಪ್ರತಿರೋಧ ಒಡ್ಡು, ಸಹಿಸಿಕೊಳ್ಳು, ಪ್ರಚೋದಿಸು. ಕೊನೆಯ ಎರಡಕ್ಕೆ ‘ವಿತ್’ ಮತ್ತು ‘ಟು’ ಅನ್ನೋ ಬಾಲಗಳು ಬೇರೆ. ‘ಪುಟ್’ ಅಂದರೆ ಇಡು, ‘ಅಪ್’ ಅಂದರೆ ಮೇಲೆ. ಮೇಲೆ ಇಟ್ಟರೆ ಸಹನೆ ಹೇಗಾಗುತ್ತೆ ಅನ್ನೋದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷದ ಹಿಂದೆ ಇದೇ ಪದ ನನ್ನ ಮರ್ಯಾದೆ ತೆಗೆದಿತ್ತು, ಆದ್ದರಿಂದ "ಹೌದಮ್ಮ, ಬಾಯಿಪಾಠ ಮಾಡು" ಅಂತ ಹೇಳಿ ಕಳಿಸೋಕೆ ಮನಸ್ಸಾಗಲಿಲ್ಲ.

ಆ ಕಥೆ ಹೇಳಿಬಿಡ್ತೀನಿ. ತಿ. ನರಸೀಪುರದ ಕಡೆಯ ಹಳ್ಳಿ ನಮ್ಮದು. ಆಗ ಕನ್ನಡ ಶಾಲೆಗಳಲ್ಲಿ ಎ ಬಿ ಸಿ ಡಿ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. (ಸರ್ಕಾರಿ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ, ನಮ್ಮ ಕಾಲ ಮುಗಿದು ಎಷ್ಟೋ ವರ್ಷವಾದ ಮೇಲೆ.) ಮೈಸೂರಿಗೆ ಬಂದು ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿ, 1992ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋದೆ. ಎದುರಿಗೆ ಮೂರು ಜನ. ನಡುವೆ ಕೂತಿದ್ದವರು ನಗುನಗುತ್ತಲೇ ಕೇಳಿದರು, "ವೇರ್ ಆರ್ ಯು ಪುಟ್ ಅಪ್?"

ನನಗೆ ಗೊತ್ತಿದ್ದ ಪುಟ್ ಅಪ್ ಒಂದೇ. ಗೈಡಿನಲ್ಲಿ ಉರು ಹೊಡೆದಿದ್ದ ‘ಪುಟ್ ಅಪ್ ವಿತ್’, ಅಂದರೆ ಸಹಿಸಿಕೊಳ್ಳು. ಇವರು ನನ್ನ ತಾಳ್ಮೆ ಪರೀಕ್ಷೆ ಮಾಡ್ತಿದಾರೆ ಅಂದುಕೊಂಡೆ. ಎದೆ ಸೆಟೆಸಿ ಹೇಳಿದೆ: "ಸರ್, ಐ ಕ್ಯಾನ್ ಪುಟ್ ಅಪ್ ವಿತ್ ಎನಿಥಿಂಗ್!"

ಮೂವರೂ ನಕ್ಕರು. ಕೆಟ್ಟದಾಗೇನೂ ನಗಲಿಲ್ಲ, ಪಾಪ. ಒಬ್ಬರು ಕನ್ನಡದಲ್ಲೇ "ಎಲ್ಲಿ ಇಳ್ಕೊಂಡಿದೀರಿ ಅಂತ ಕೇಳಿದ್ದು" ಅಂದರು. "ಶ್ರೀರಾಮಪುರದಲ್ಲಿ ಸರ್, ಮಾವನ ಮನೇಲಿ" ಅಂದೆ. ಅಲ್ಲಿಂದ ಮುಂದೆ ಕೇಳಿದ ಯಾವ ಪ್ರಶ್ನೆಯೂ ನನ್ನ ಕಿವಿಗೆ ಬೀಳಲಿಲ್ಲ. ಕೆಲಸ ಸಿಗಲಿಲ್ಲ, ಅದು ಬೇರೆ ಮಾತು. ಆ ಉತ್ತರ ಒಂದರಿಂದಲೇ ಸಿಗಲಿಲ್ಲ ಅಂತಲೂ ಹೇಳಲಾರೆ. ಆದರೆ ಆ ನಗು ಜೊತೆಯಲ್ಲೇ ಬಂತು. ಆಮೇಲೆ ಎಷ್ಟೋ ವರ್ಷ, ನಾಲ್ಕು ಜನ ಇಂಗ್ಲಿಷ್ ಮಾತಾಡೋ ಕಡೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಉತ್ತರ ಗೊತ್ತಿದ್ದರೂ.

ಈಗ ಯೋಚಿಸಿದರೆ ತಮಾಷೆಯಾಗಿ ಕಾಣೋದು ಇಷ್ಟು. ಇಂಗ್ಲೆಂಡಿನವರು ‘ಪುಟ್ ಅಪ್’ ಅನ್ನೋದು ನಾಲ್ಕು ದಿನ ಉಳಿದುಕೊಳ್ಳೋದಕ್ಕೆ, ನೆಂಟರಿಷ್ಟರಿಗೆ ಜಾಗ ಕೊಡೋದಕ್ಕೆ. ಇಪ್ಪತ್ತು ವರ್ಷದಿಂದ ಕುವೆಂಪುನಗರದಲ್ಲಿ ಸ್ವಂತ ಮನೆ ಕಟ್ಟಿಕೊಂಡಿರೋರನ್ನೂ "ವೇರ್ ಆರ್ ಯು ಪುಟ್ ಅಪ್" ಅಂತ ಕೇಳೋದು ನಮ್ಮ ದೇಶದ ಇಂಗ್ಲಿಷು. ಅಂದರೆ ಅವತ್ತು ನಕ್ಕವರ ಇಂಗ್ಲಿಷೂ ಅರ್ಧ ನಮ್ಮದೇ. ಮಾವನ ಮನೆಯಲ್ಲಿ ಎರಡು ದಿನಕ್ಕೆ ಇದ್ದ ನನ್ನ ವಿಷಯದಲ್ಲಿ ಮಾತ್ರ ಅದು ಸರಿಯಾಗಿಯೇ ಇತ್ತು ಬಿಡಿ.

ಸರಿ, ಹುಡುಗಿಗೆ ಏನು ಹೇಳೋದು? ಗೈಡು ಮುಚ್ಚಿಡು ಅಂದೆ. "ನಿಮ್ಮಮ್ಮ ದಸರಾಕ್ಕೆ ಗೊಂಬೆ ಕೂರಿಸ್ತಾರಲ್ಲ, ಹಬ್ಬ ಮುಗಿದ ಮೇಲೆ ಏನು ಮಾಡ್ತಾರೆ?"

"ಎತ್ತಿಡ್ತಾರೆ."

"ಅದೇ ಪುಟ್ ಅಪ್!"

ಅವಳಿಗೆ ನಂಬಿಕೆ ಬರಲಿಲ್ಲ. ಬರೋದೂ ಕಷ್ಟವೇ. ನಿಧಾನವಾಗಿ ನೋಡೋಣ.

ಮೈಸೂರಿನ ಮನೆಗಳಲ್ಲಿ ಪಾಡ್ಯದ ಹೊತ್ತಿಗೆ ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಪಟ್ಟದ ಗೊಂಬೆಗಳನ್ನು ಮೇಲಿಟ್ಟು ಗೊಂಬೆ ಕೂರಿಸುತ್ತಾರೆ. ನಾಲ್ಕು ಜನ ಬಂದು ನೋಡಲಿ ಅಂತ ಎತ್ತಿ ನಿಲ್ಲಿಸೋದು. ಇಂಗ್ಲಿಷಿನವನು ಇದನ್ನು ಪುಟ್ ಅಪ್ ಅನ್ನುತ್ತಾನೆ. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಆಮೇಲೆ ಒಂದೊಂದನ್ನೂ ಹಳೇ ಪಂಚೆಯ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಅಟ್ಟಕ್ಕೆ ಏರಿಸುತ್ತಾರೆ. ಯಾರ ಕಣ್ಣಿಗೂ ಬೀಳದ ಹಾಗೆ, ಒಡೆಯದ ಹಾಗೆ ಎತ್ತಿಡೋದು. ಹಳೇ ಇಂಗ್ಲಿಷಿನವನು ಇದನ್ನೂ ಪುಟ್ ಅಪ್ ಅನ್ನುತ್ತಿದ್ದ! ಕಣ್ಣಿಗೆ ಕಾಣಲಿ ಅಂತ ಎತ್ತೋದು ಒಂದು, ಜೋಪಾನವಾಗಿರಲಿ ಅಂತ ಎತ್ತೋದು ಇನ್ನೊಂದು. ಗೈಡಿನ ಆ ಒಂಬತ್ತರಲ್ಲಿ ಹೆಚ್ಚಿನವು ಈ ಎರಡು ಅರ್ಥದ ಮಕ್ಕಳು ಮೊಮ್ಮಕ್ಕಳು.

ಮೊದಲನೆಯದು ಸುಲಭ. ನವರಾತ್ರಿಯಲ್ಲಿ ಮೈಸೂರಿನಲ್ಲಿ ಒಂದು ಸುತ್ತು ಹೊಡೆದರೆ ಸಾಕು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಿರ್ತಾರೆ, ಸಯ್ಯಾಜಿರಾವ್ ರಸ್ತೆ ಉದ್ದಕ್ಕೂ ದೀಪ ಕಟ್ಟಿರ್ತಾರೆ, ಜಂಬೂಸವಾರಿ ನೋಡೋಕೆ ಅಟ್ಟಣಿಗೆ ನಿಲ್ಲಿಸಿರ್ತಾರೆ, ವೃತ್ತಗಳಲ್ಲಿ ಫ್ಲೆಕ್ಸು ಏರಿಸಿರ್ತಾರೆ, ಲಾಡ್ಜಿನವರು ರೇಟು ಏರಿಸಿರ್ತಾರೆ. ಎಲ್ಲಾ ಪುಟ್ ಅಪ್ಪೇ. ಚುನಾವಣೆ ಹತ್ತಿರವಿದ್ದರೆ ಆ ಫ್ಲೆಕ್ಸಿನೊಳಗೆ ಅಭ್ಯರ್ಥಿಯನ್ನೂ ಪುಟ್ ಅಪ್ ಮಾಡಿರ್ತಾರೆ. ಕನ್ನಡದಲ್ಲಿ ಇವುಗಳಿಗೆ ಹಾಕು, ಕಟ್ಟು, ನಿಲ್ಲಿಸು, ಏರಿಸು ಅಂತ ಬೇರೆ ಬೇರೆ ಪದ. ಅವರಲ್ಲಿ ಎಲ್ಲಕ್ಕೂ ಒಂದೇ.

ಎರಡನೆಯದು, ಅಂದರೆ ‘ಎತ್ತಿಡು’, ನನಗೆ ತುಂಬಾ ಇಷ್ಟವಾದದ್ದು. ನಮ್ಮಜ್ಜಿ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ಅದು. ಉಳಿದ ಸಾರು ಎತ್ತಿಡು, ಒಗೆದ ಬಟ್ಟೆ ಎತ್ತಿಡು, ಮದುವೆಗೆ ಅಂತ ನಾಲ್ಕು ಕಾಸು ಎತ್ತಿಡು. ಎತ್ತಿ ಮೇಲೇ ಇಡಬೇಕು ಅಂತಿಲ್ಲ, ನೆಲದ ಮೇಲಿನ ಡಬ್ಬಕ್ಕೆ ಹಾಕಿದರೂ ಅದು ‘ಎತ್ತಿಟ್ಟಿದ್ದು’. ‘ಎತ್ತು’ ಅನ್ನೋದಕ್ಕೆ ಅಲ್ಲಿ ಎತ್ತೋ ಅರ್ಥವೇ ಉಳಿದಿಲ್ಲ, ಜೋಪಾನ ಅನ್ನೋ ಅರ್ಥ ಬಂದಿದೆ. ಇಂಗ್ಲಿಷಿನ ‘ಅಪ್’ ಮಾಡೋದೂ ಇದೇ ಕೆಲಸ. ಹಣ್ಣು, ಉಪ್ಪಿನಕಾಯಿ ಜಾಡಿಗೆ ತುಂಬಿ ವರ್ಷದ ಮಟ್ಟಿಗೆ ಇಡೋದಕ್ಕೆ ಅಮೆರಿಕದ ಹಳ್ಳಿಯ ಹೆಂಗಸರು ಪುಟ್ ಅಪ್ ಅನ್ನುತ್ತಾರೆ. ನಾವು ಉಪ್ಪಿನಕಾಯಿ ‘ಹಾಕ್ತೀವಿ’. ಹಿರಿದ ಕತ್ತಿಯನ್ನು ಒರೆಗೆ ಸೇರಿಸೋದೂ ಪುಟ್ ಅಪ್. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಏಸು ಪೇತ್ರನಿಗೆ ಕತ್ತಿ ಒರೆಗೆ ಹಾಕು ಅಂತ ಹೇಳೋ ಕಡೆ ಬಳಕೆಯಾಗಿರೋದು ಇದೇ ಕ್ರಿಯಾಪದ.

ಹಾಗೆಯೇ ದಿನವಿಡೀ ಓಡಿದ ಕುದುರೆಯನ್ನು ರಾತ್ರಿ ಲಾಯಕ್ಕೆ ಸೇರಿಸೋದೂ ಪುಟ್ ಅಪ್. ಕುದುರೆ ಲಾಯಕ್ಕೆ ಹೋದ ಮೇಲೆ ಸವಾರ ಎಲ್ಲಿ ಹೋಗಬೇಕು? ಅವನೂ ಅದೇ ಛತ್ರದಲ್ಲಿ ಮಲಗುತ್ತಾನೆ. ಹೀಗೆ ಕುದುರೆಗೆ ಹೇಳುತ್ತಿದ್ದದ್ದು ಮನುಷ್ಯನಿಗೂ ಬಂತು. ಮೂವತ್ತು ವರ್ಷದ ಹಿಂದೆ ನನ್ನನ್ನು ಕೇಳಿದ್ದರಲ್ಲ, ಅದರ ಮೂಲ ಲಾಯ!

ನಮ್ಮ ಕನ್ನಡದ್ದು ಏನು ನೋಡಿ. ‘ಎಲ್ಲಿ ಇಳ್ಕೊಂಡಿದೀರಿ?’ ಅವರು ಮೇಲೆ ಇಡ್ತಾರೆ, ನಾವು ಕೆಳಗೆ ಇಳಿಯುತ್ತೇವೆ :) ಗಾಡಿಯಿಂದಲೋ ಕುದುರೆಯಿಂದಲೋ ಇಳಿದ ಜಾಗವೇ ತಂಗುವ ಜಾಗ ಅನ್ನೋದರಿಂದ ಇದು ಬಂದಿರಬೇಕು ಅಂತ ನನ್ನ ಊಹೆ. ಅಲ್ಲಿಗೆ ಎರಡೂ ಭಾಷೆಯ ಪ್ರಯಾಣಿಕರು ಒಂದೇ ಛತ್ರದ ಬಾಗಿಲಿಗೆ ಬಂದ ಹಾಗಾಯಿತು. ಒಬ್ಬನಿಗೆ ಕುದುರೆಯ ಚಿಂತೆ, ಇನ್ನೊಬ್ಬನಿಗೆ ಇಳಿದರೆ ಸಾಕಪ್ಪಾ ಅನ್ನೋ ಸುಸ್ತು. ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರದ ಮುಂದೆ ಹೋಗುವಾಗಲೆಲ್ಲ ಈಗ ನನಗೆ ಇದೇ ನೆನಪಾಗುತ್ತದೆ. ಇಳಿದುಕೊಳ್ಳು, ಬೀಡುಬಿಡು, ತಂಗು, ಠಿಕಾಣಿ ಹೂಡು ಅಂತ ಇಷ್ಟೊಂದು ಇಟ್ಟುಕೊಂಡು ಗೈಡಿನವರಿಗೆ ಸಿಕ್ಕಿದ್ದು ‘ವಸತಿ ಕಲ್ಪಿಸು’. ಯಾವ ಮನೆಯಲ್ಲಿ ಹಾಗೆ ಮಾತಾಡ್ತಾರೆ ಸ್ವಾಮಿ?

ಇನ್ನು ಆ ‘ಸಹಿಸಿಕೊಳ್ಳು’. ಯಾರಾದರೂ ಅವಮಾನ ಮಾಡಿದರೆ ತಿರುಗಿ ಬೀಳದೆ ಅದನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾಗೋದಕ್ಕೂ ಹಳೇ ಇಂಗ್ಲಿಷಿನಲ್ಲಿ ಪುಟ್ ಅಪ್ ಅನ್ನುತ್ತಿದ್ದರು. ‘ವಿತ್’ ಅನ್ನೋ ಬಾಲ ಆಮೇಲೆ ಅಂಟಿಕೊಂಡದ್ದು. ಕತ್ತಿ ಒರೆಗೆ ಹಾಕಿದ ಹಾಗೆಯೇ ಇದೂ, ಕೋಪವನ್ನು ಒಳಗಿಡೋದು. ಇದನ್ನು ಹುಡುಗಿಗೆ ಹೇಳುತ್ತಿದ್ದಾಗ ಒಳಗಿನಿಂದ ನಮ್ಮಮ್ಮ (ಎಂಬತ್ತೆರಡು ವರ್ಷ, ಕಿವಿ ಇನ್ನೂ ಪಾತಾಳಗರಡಿ) "ಹೊಟ್ಟೆಗೆ ಹಾಕ್ಕೊಳೋದು ಅನ್ನೋ" ಅಂದಳು.

ನಾನು ದಂಗಾದೆ. ‘ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ.’ ಎಷ್ಟು ಸಲ ಕೇಳಿಲ್ಲ, ಎಷ್ಟು ಸಲ ಹೇಳಿಲ್ಲ! ಇಂಗ್ಲಿಷಿನವನು ಜೇಬಿಗೆ ಹಾಕಿಕೊಂಡದ್ದನ್ನು ನಾವು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಸಹಿ ಕನ್ನಡದಲ್ಲಿ, ಅದೂ ಮೂರು ನಿಮಿಷ ಬೇಕು. ಆದರೆ ಗೈಡು ಬರೆದವರಿಗೆ ಸಿಗದ ಪದ ಅವಳಿಗೆ ಅಡುಗೆಮನೆಯಲ್ಲೇ ಸಿಕ್ಕಿತು. ಒಟ್ಟು ಕುಟುಂಬದಲ್ಲಿ ನಲವತ್ತು ವರ್ಷ ಸೊಸೆಯಾಗಿದ್ದವಳು. ಏನೇನು ಹೊಟ್ಟೆಗೆ ಹಾಕಿಕೊಂಡಿದ್ದಳೋ ಅದನ್ನು ನಾನು ಇಲ್ಲಿ ಬರೆಯಲ್ಲ.

ಈ ರಗಳೆ ನಮಗೆ ಮಾತ್ರ ಇರೋದಲ್ಲ. 1755ರಲ್ಲಿ ತನ್ನ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟ ಕೊಡೋದು ಈ ಜೋಡಿ ಪದಗಳೇ ಅಂತ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಇವುಗಳಿಗೆ ‘ಫ್ರೇಸಲ್ ವರ್ಬ್’ ಅನ್ನೋ ಹೆಸರು ಪ್ರಚಾರಕ್ಕೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಎಂಬಾತನ ಪುಸ್ತಕದಿಂದ. ಅಂದರೆ ನೂರಾರು ವರ್ಷ ಹೆಸರೇ ಇಲ್ಲದೆ ಜನ ಆಡಿಕೊಂಡು ಬಂದ ಮಾತು. ಆಡುವವರಿಗೆ ಇದು ಕಷ್ಟ ಅಂತಲೇ ಗೊತ್ತಿರುವುದಿಲ್ಲ, ನಮಗೆ ‘ಹೊಡಿ’ ಇದ್ದ ಹಾಗೆ. ಸುತ್ತು ಹೊಡಿ, ನಿದ್ದೆ ಹೊಡಿ, ಉರು ಹೊಡಿ, ಕಾಪಿ ಹೊಡಿ, ಚಕ್ಕರ್ ಹೊಡಿ, ಬಣ್ಣ ಹೊಡಿ. ಯಾರಿಗೂ ಏಟು ಬೀಳುವುದಿಲ್ಲ. ಒಬ್ಬ ಇಂಗ್ಲಿಷಿನವನಿಗೆ ಇದನ್ನು ಗೈಡಿನಲ್ಲಿ ಪಟ್ಟಿ ಮಾಡಿ ಕೊಟ್ಟರೆ ಅವನ ಮುಖವೂ ಸಣ್ಣಗಾಗುತ್ತದೆ.

ನನ್ನ ತಕರಾರು ಇರೋದು ಇಲ್ಲೇ. ‘ಎತ್ತಿಡು’, ‘ಬರೆದಿಡು’, ‘ತಿಂದುಹಾಕು’, ‘ಬಂದುಬಿಡು’ ಇವೆಲ್ಲ ಏನು? ಎರಡು ಕ್ರಿಯಾಪದ ಕೂಡಿ, ಒಂದು ತನ್ನ ಅರ್ಥ ಸವೆಸಿಕೊಂಡು ಇನ್ನೊಂದಕ್ಕೆ ಬಣ್ಣ ಕೊಡೋದು. ಇಂಗ್ಲಿಷಿನಲ್ಲಿ ‘ಅಪ್’, ‘ಆಫ್’, ‘ಔಟ್’ ಮಾಡೋ ಕೆಲಸಕ್ಕೆ ನಾವು ಇನ್ನೊಂದು ಕ್ರಿಯಾಪದವನ್ನೇ ತಂದು ಕೂರಿಸುತ್ತೇವೆ, ಅಷ್ಟೇ ವ್ಯತ್ಯಾಸ. ಸಂಧಿ, ಸಮಾಸ, ವಿಭಕ್ತಿ ಅಂತ ಹತ್ತು ವರ್ಷ ವ್ಯಾಕರಣ ಓದಿದೆ. ‘ತಿಂದೆ’ಗೂ ‘ತಿಂದುಹಾಕಿದೆ’ಗೂ ಏನು ವ್ಯತ್ಯಾಸ ಅಂತ ಯಾರೂ ಒಂದು ದಿನ ಕೇಳಲಿಲ್ಲ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕ ಬರೆದಾಗ ಬೇಕಾದಷ್ಟು ಜಗಳವಾಯಿತು. ಅವರು ಹೇಳಿದ್ದೆಲ್ಲ ನನಗೂ ಒಪ್ಪಿಗೆಯಿಲ್ಲ (ಮಹಾಪ್ರಾಣ ಬಿಡಿ ಅಂದರೆ ನನ್ನ ಕೈ ಬರೆಯಲ್ಲ). ಆದರೆ ಆ ಶೀರ್ಷಿಕೆ ಮಾತ್ರ ನೂರಕ್ಕೆ ನೂರು ಸರಿ. ತನ್ನ ಭಾಷೆ ಈ ಆಟ ಆಡುತ್ತೆ ಅಂತ ಗೊತ್ತಿರೋ ಮಗು, ಇನ್ನೊಂದು ಭಾಷೆ ಅದೇ ಆಟ ಆಡಿದರೆ ಹೆದರುವುದಿಲ್ಲ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇರೋ ಊರು ಇದು, ಮಾನಸಗಂಗೋತ್ರಿ ಇರೋ ಊರು. ಆ ಕ್ಯಾಂಪಸ್ಸುಗಳಿಂದ ಒಂದೆರಡು ಕಿಲೋಮೀಟರು ದೂರದ ಶಾಲೆಯಲ್ಲಿ ಮಕ್ಕಳು ಇನ್ನೂ ಪಟ್ಟಿ ಉರು ಹೊಡೀತಿವೆ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ದಲ್ಲಿ ಓದುಗರ ಒಂದೊಂದು ಪದದ ಪ್ರಶ್ನೆಗೂ ಕೂತು ಉತ್ತರ ಬರೆಯುತ್ತಿದ್ದರಲ್ಲ, ಆ ತಾಳ್ಮೆ ನಮ್ಮ ಗೈಡಿನವರಿಗೆ ಒಂದು ಚಮಚದಷ್ಟು ಇದ್ದಿದ್ದರೆ ಅನ್ನಿಸುತ್ತದೆ. 2021ರಲ್ಲಿ, ನೂರಾ ಏಳನೇ ವಯಸ್ಸಿನಲ್ಲಿ ಹೋದರು.

ಹಾಗಂತ ಎಲ್ಲಾ ಅರ್ಥವೂ ಬಾಲ ಮಡಚಿಕೊಂಡು ನನ್ನ ಎರಡು ಗೂಡಿನೊಳಗೆ ಬಂದು ಕೂರುತ್ತವೆ ಅಂತಲ್ಲ. ಮೊದಲೇ ಒಳಗೊಳಗೇ ಮಾತಾಡಿಕೊಂಡು ಮಾಡಿದ ಮೋಸಕ್ಕೂ ‘ಪುಟ್ ಅಪ್’ ಅನ್ನುತ್ತಾರೆ. ಅದನ್ನು ಎಲ್ಲಿಡಲಿ? ಇರಲಿ, ಒಂದೆರಡು ಉರು ಹೊಡೆಯಲಿ, ತೊಂದರೆಯಿಲ್ಲ.

ಒಂದು ಅರ್ಥ ಮಾತ್ರ ಗೈಡಿನಲ್ಲಿರಲಿಲ್ಲ, ನನ್ನ ಅರ್ಧ ಆಯಸ್ಸು ಅದರಲ್ಲೇ ಕಳೆದದ್ದು. ಬೆಂಗಳೂರಿನ ಕೆಲಸ ತಪ್ಪಿದ ಮೇಲೆ ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದೆ. ಅಲ್ಲಿ ಫೈಲನ್ನು ಸಾಹೇಬರ ಮುಂದಿಡೋದಕ್ಕೆ ಪುಟ್ ಅಪ್ ಅಂತ ಹೆಸರು. ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ, ಕಡತದೊಳಗೆ ನಾವು ಬರೆಯುತ್ತಿದ್ದದ್ದು ‘ಆದೇಶಕ್ಕಾಗಿ ಮಂಡಿಸಿದೆ’ ಅಂತ ಒಳ್ಳೇ ಕನ್ನಡವೇ. ಬಾಯಲ್ಲಿ ಮಾತ್ರ "ಪುಟ್ ಅಪ್ ಮಾಡಿದೀನಿ ಸಾರ್". (‘ಕಡತ’ ಅನ್ನೋದು ಎಂಥಾ ಹಳೇ ಪದ! ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಇನ್ನೊಮ್ಮೆ ಅದರ ಬಗ್ಗೆ ಬರೀಬೇಕು.)

ಒಂದು ದಿನ ಹುಣಸೂರು ಕಡೆಯಿಂದ ಒಬ್ಬ ಅಜ್ಜಿ ಬಂದಿತ್ತು. ಗಂಡ ತೀರಿಕೊಂಡು ವರ್ಷವಾಗಿತ್ತು, ಪೆನ್ಷನ್ ಬಂದಿರಲಿಲ್ಲ. ಐದನೇ ಸಲವೋ ಆರನೇ ಸಲವೋ ಬಂದದ್ದು. ನಾನು ತಲೆ ಎತ್ತದೆ "ಫೈಲು ಪುಟ್ ಅಪ್ ಆಗಿದೆ ಅಜ್ಜಿ" ಅಂದೆ. ಅದು ಪಕ್ಕದ ಮೇಜಿನವರ ಮುಖ ನೋಡಿತು. ಅವರು "ಮೇಲಕ್ಕೆ ಇಟ್ಟಿದಾರೆ ಅಜ್ಜಿ" ಅಂತ ಅರ್ಥ ಹೇಳಿದರು.

"ಎತ್ತಿಟ್ಟುಬಿಟ್ರಾ ಸ್ವಾಮಿ?" ಅಂತು ಅಜ್ಜಿ. "ಅಷ್ಟೆತ್ತರಕ್ಕೆ ಎತ್ತಿಟ್ರೆ ನನ್ ಕೈಗೆ ಹೆಂಗೆ ಎಟುಕತ್ತೆ?"

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅಜ್ಜಿ ನಗಲಿಲ್ಲ, ಏನು ತಪ್ಪು ಹೇಳಿದೆ ಅಂತ ಒಬ್ಬೊಬ್ಬರ ಮುಖವನ್ನೂ ನೋಡಿತು. ಆ ನೋಟ ನನಗೆ ಗೊತ್ತಿತ್ತು. 1992ರಲ್ಲಿ ಮೂರು ಜನರ ಮುಂದೆ ಕೂತು ನಾನು ನೋಡಿದ್ದೂ ಹಾಗೆಯೇ.

ಅವತ್ತಿನ ಮಟ್ಟಿಗೆ ಆ ಫೈಲು ಹಿಡಿದುಕೊಂಡು ನಾನೇ ಎರಡು ಮಹಡಿ ಹತ್ತಿದೆ. ದೊಡ್ಡತನವೇನಲ್ಲ, ಅದು ನನ್ನ ಕೆಲಸವೇ ಆಗಿತ್ತು, ತಿಂಗಳ ಹಿಂದೆಯೇ ಆಗಬೇಕಿತ್ತು. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮೇಲಿನ ಕೋಣೆಯ ಬೀರುವಿನಲ್ಲಿ ಅದನ್ನು ಎತ್ತಿಟ್ಟಿದ್ದರು, ಗೊಂಬೆ ಎತ್ತಿಟ್ಟ ಹಾಗೆ. ಈಗ ಕಂಪ್ಯೂಟರಿನಲ್ಲೇ ಕಡತ ಓಡಾಡುತ್ತದಂತೆ. ನಾನು ನಿವೃತ್ತನಾದವನು, ಮೊನ್ನೆ ಹಳೇ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದ್ದಾಗ "ಪುಟ್ ಅಪ್ ಮಾಡಿದೀನಿ, ಇನ್ನೂ ಬಂದಿಲ್ಲ" ಅಂತಲೇ ಅನ್ನುತ್ತಿದ್ದರು.

ಹುಡುಗಿಗೆ ಈ ಅಜ್ಜಿ ಕಥೆ ಹೇಳಿದೆ. ಅವಳೂ ನಗಲಿಲ್ಲ. ಗೈಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. ‘ಪುಟ್ ಸಮ್‌ಒನ್ ಅಪ್ ಟು’, ಪ್ರಚೋದಿಸು. ನಾನು ಅದನ್ನು ಬಿಟ್ಟುಬಿಟ್ಟಿದ್ದೆ, ಏನೂ ಹೊಳೆದಿರಲಿಲ್ಲ.

"ಅಂಕಲ್, ಇದು ಎತ್ತಿಕಟ್ಟೋದು ಅಲ್ವಾ? ನಮ್ಮತ್ತೆ ಅಪ್ಪನ್ನ ಅಮ್ಮನ ಮೇಲೆ ಎತ್ತಿಕಟ್ತಾರೆ ಅಂತಾರಲ್ಲ, ಅದು?"

ಎತ್ತಿಕಟ್ಟು! ಅಪ್ಪಟ ಜೋಡಿ. ಅಲ್ಲಿ ‘ಅಪ್’, ಇಲ್ಲಿ ‘ಎತ್ತಿ’. ಅದಾದ ಮೇಲೆ ಅವಳನ್ನು ಹಿಡಿಯೋರೇ ಇಲ್ಲ. ಎತ್ತಿ ಆಡೋದು, ಎತ್ತಿ ಹಿಡಿಯೋದು, ಎತ್ತಿ ತೋರಿಸೋದು ಅಂತ ಒಂದೊಂದಾಗಿ ಗೈಡಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ನಾನು ‘ಎತ್ತಂಗಡಿ’ ಸೇರಿಸು ಅಂದೆ, ಅದು ನೌಕರರಿಗೆ ಮಾತ್ರ ಅಂತ ನಕ್ಕಳು.

ಮುಂದಿನ ಪುಟದಲ್ಲಿ ‘ಟೇಕ್ ಆಫ್’ ಇದೆಯಂತೆ, ಅರ್ಥ ಹನ್ನೊಂದು. ಬರೋ ಭಾನುವಾರ ಬರ್ತೀನಿ ಅಂದಿದಾಳೆ. ನಿಮಗೇನಾದರೂ ಹೊಳೆದರೆ ದಯವಿಟ್ಟು ತಿಳಿಸಿ, ಅಷ್ಟರೊಳಗೆ ನಾನು ತಯಾರಾಗಬೇಕು. ಅಮ್ಮನನ್ನೂ ಕೇಳಿದ್ದೇನೆ. ಯೋಚನೆ ಮಾಡಿ ಹೇಳ್ತೀನಿ ಅಂದಿದಾಳೆ.